ಕೆಂಪು ಬಸ್ಸು, ನೀಲಿ ಬಸ್ಸು ಮತ್ತು ನಮ್ಮ ಮನೆ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ದಿನಾಲೂ ಓದಲಿಕ್ಕೋ ಕೆಲಸಕ್ಕೋ ಬರುವವರ ಮುಂದೆ ಮುಖ್ಯವಾಗಿ ನಾಲ್ಕು ಆಯ್ಕೆಗಳಿವೆ: ಸರ್ಕಾರಿ ಕೆಂಪು ಬಸ್ಸು, ಖಾಸಗಿ ಬಸ್ಸು, ರೈಲು, ಸ್ವಂತ ಬೈಕು. ದೂರ ಸುಮಾರು 20 ಕಿಲೋಮೀಟರ್. ಬಿ.ಎಚ್. ರಸ್ತೆ ಎಲ್ಲರಿಗೂ ಒಂದೇ. ಆದರೂ ಒಂದೇ ಮನೆಯಿಂದ ಹೊರಡುವ ಜನ ಬೇರೆ ಬೇರೆ ರೀತಿಯಲ್ಲಿ ಪ್ರಯಾಣ ಮಾಡುತ್ತಾರೆ. ಯಾಕೆ ಹೀಗೆ? ರಸ್ತೆ, ಮೆಟ್ರೊ, ಬಸ್ ಮಾರ್ಗಗಳನ್ನು ಯೋಜಿಸುವವರೂ ಇದೇ ಪ್ರಶ್ನೆಯನ್ನು ದೊಡ್ಡ ಲೆಕ್ಕವಾಗಿ ಮಾಡುತ್ತಾರೆ. ಆ ಲೆಕ್ಕವನ್ನು ನನಗೆ ಅರ್ಥವಾದಷ್ಟು ಇಲ್ಲಿ ಹೇಳಿ, ಅದರೊಳಗೆ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ನಮ್ಮ ಮನೆಯ ಉದಾಹರಣೆಯಿಂದ ಬರೆಯುತ್ತೇನೆ.

ನಮ್ಮ ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಅನುಭೋಗಿಯ ವರ್ತನೆ ಎಂಬ ಪಾಠವಿದೆ. ಅದರಲ್ಲಿ ಒಬ್ಬ ಅನುಭೋಗಿ ತನ್ನ ಆದಾಯದಲ್ಲಿ ಇಷ್ಟು ಬಾಳೆಹಣ್ಣು, ಇಷ್ಟು ಮಾವಿನಹಣ್ಣು ಕೊಂಡು ಹೆಚ್ಚು ತುಷ್ಟಿಗುಣ ಪಡೆಯುತ್ತಾನೆ. ಬಾಳೆಹಣ್ಣು ಒಂದು ಕಡಿಮೆ ಮಾಡಿ ಮಾವಿನಹಣ್ಣು ಒಂದು ಹೆಚ್ಚು ಮಾಡಬಹುದು. ರೇಖೆ ನುಣುಪಾಗಿ ಬಾಗುತ್ತದೆ. ಪಾಠ ಮುಗಿದಾಗ ನನ್ನ ಪಕ್ಕದ ಗೆಳತಿ ಮೇಡಂ ಅವರನ್ನು ಕೇಳಿದಳು: "ಮೇಡಂ, ಕಾಲೇಜಿಗೆ ಬರುವಾಗ ಅರ್ಧ ಬಸ್ಸು, ಅರ್ಧ ರೈಲು ಅಂತ ಕೊಳ್ಳೋಕೆ ಆಗಲ್ವಲ್ಲ?" ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. "ಒಳ್ಳೆಯ ಪ್ರಶ್ನೆ. ಇದನ್ನೇ ಕೇಳಿಕೊಂಡ ಒಬ್ಬರಿಗೆ ನೊಬೆಲ್ ಬಂದಿದೆ" ಎಂದು ಡೇನಿಯಲ್ ಮೆಕ್‌ಫ್ಯಾಡನ್ ಎಂಬ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆದರು. ಪರೀಕ್ಷೆಗೆ ಬರುವುದಿಲ್ಲ ಎಂದೂ ಹೇಳಿದರು. ಪರೀಕ್ಷೆಗೆ ಬರುವುದಿಲ್ಲ ಅಂದದ್ದಕ್ಕೇ ಇರಬೇಕು, ನಾನು ಅದನ್ನು ಮನೆಗೆ ಹೋಗಿ ಹುಡುಕಿ ಓದಿದೆ.

ಮೆಕ್‌ಫ್ಯಾಡನ್ ಅಮೆರಿಕದ ಅರ್ಥಶಾಸ್ತ್ರಜ್ಞರು. ಹುಟ್ಟಿದ್ದು 1937ರಲ್ಲಿ. 1970ರ ದಶಕದ ಆರಂಭದಲ್ಲಿ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದರು. ಆಗ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಬಾರ್ಟ್ ಎಂಬ ಹೊಸ ರೈಲು ವ್ಯವಸ್ಥೆ ಬರುತ್ತಿತ್ತು. 1972ರಲ್ಲಿ ಅದು ಓಡಲು ಶುರುವಾಯಿತು. ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 15 ಜನ ಈ ರೈಲು ಹತ್ತುತ್ತಾರೆ ಎಂಬುದು ಅಧಿಕೃತ ಅಂದಾಜು. ಮೆಕ್‌ಫ್ಯಾಡನ್ ಮತ್ತು ಅವರ ತಂಡದವರು ರೈಲು ಬರುವ ಮೊದಲೇ ಕೆಲವು ನೂರು ಜನರನ್ನು ಮಾತನಾಡಿಸಿದರು. ಈಗ ಕೆಲಸಕ್ಕೆ ಹೇಗೆ ಹೋಗುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ಬರೆದುಕೊಂಡರು. ಅದರಿಂದ ಲೆಕ್ಕ ಹಾಕಿ, ರೈಲು ಹತ್ತುವವರು ನೂರಕ್ಕೆ 6.3 ಮಾತ್ರ ಎಂದರು. ರೈಲು ಓಡಿದ ಮೇಲೆ ಎಣಿಸಿದಾಗ ಸಿಕ್ಕಿದ್ದು 6.2. ಜನ ಆಯ್ಕೆ ಮಾಡುವ ರೀತಿಯನ್ನು ವಿಶ್ಲೇಷಿಸುವ ಈ ವಿಧಾನಕ್ಕಾಗಿ 2000ನೇ ಇಸವಿಯಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅದನ್ನು ಅವರು ಜೇಮ್ಸ್ ಹೆಕ್‌ಮನ್ ಅವರೊಂದಿಗೆ ಹಂಚಿಕೊಂಡರು.

ಯೋಜನಾಕಾರರ ಲೆಕ್ಕದಲ್ಲಿ ಹಳೆಯ ಕಾಲದಿಂದ ನಾಲ್ಕು ಹಂತಗಳಿವೆ. 1950ರ ದಶಕದಲ್ಲಿ ಡೆಟ್ರಾಯಿಟ್, ಶಿಕಾಗೊ ನಗರಗಳಿಗೆ ಯೋಜನೆ ಮಾಡುವಾಗ ರೂಪುಗೊಂಡ ಕ್ರಮ ಇದು. ಮೊದಲ ಹಂತ, ಒಂದು ಬಡಾವಣೆಯಿಂದ ದಿನಕ್ಕೆ ಎಷ್ಟು ಪ್ರಯಾಣಗಳು ಹೊರಡುತ್ತವೆ. ಎರಡನೆಯದು, ಅವು ಎಲ್ಲೆಲ್ಲಿಗೆ ಹೋಗುತ್ತವೆ. ಮೂರನೆಯದು, ಯಾವ ವಾಹನದಲ್ಲಿ ಹೋಗುತ್ತವೆ. ನಾಲ್ಕನೆಯದು, ಯಾವ ರಸ್ತೆಯಲ್ಲಿ ಹೋಗುತ್ತವೆ. ಮೆಕ್‌ಫ್ಯಾಡನ್ ಅವರ ಲೆಕ್ಕ ಹೆಚ್ಚಾಗಿ ಬಳಕೆಯಾಗುವುದು ಮೂರನೆಯ ಹಂತದಲ್ಲಿ. ನಾನೂ ಮೊದಲು ಆ ಮೂರನೆಯ ಹಂತವನ್ನೇ ಹೇಳುತ್ತೇನೆ. ಮೊದಲ ಹಂತಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ನನಗೆ ನಿಜವಾಗಿ ಹೇಳಬೇಕಾಗಿರುವುದು ಅಲ್ಲಿದೆ.

ವಾಹನ ಆರಿಸುವಾಗ ನಾವು ಟಿಕೆಟ್ ದರ ಒಂದನ್ನೇ ನೋಡುವುದಿಲ್ಲ. ಸಮಯವನ್ನೂ ನೋಡುತ್ತೇವೆ. ನಾವು ಓದಿದ ಅವಕಾಶ ವೆಚ್ಚ ಇದೇ. ಯೋಜನಾಕಾರರು ಸಮಯವನ್ನು ರೂಪಾಯಿಗೆ ಬದಲಾಯಿಸಿ, ಟಿಕೆಟ್ ದರದ ಜೊತೆ ಕೂಡಿಸುತ್ತಾರೆ. ಇದರಲ್ಲೂ ಎಲ್ಲ ನಿಮಿಷ ಒಂದೇ ಅಲ್ಲ. ಬಸ್ಸಿನೊಳಗೆ ಕುಳಿತ ಒಂದು ನಿಮಿಷಕ್ಕಿಂತ ನಿಲ್ದಾಣದಲ್ಲಿ ಕಾಯುವ ಒಂದು ನಿಮಿಷ ಜನರಿಗೆ ಸಾಮಾನ್ಯವಾಗಿ ಎರಡರಷ್ಟು ಭಾರವಾಗಿರುತ್ತದೆ ಎಂದು ಅವರು ಹಿಡಿಯುತ್ತಾರೆ. ಬಿಸಿಲಿನಲ್ಲಿ, ಮಲೆನಾಡಿನ ಮಳೆಯಲ್ಲಿ ನಿಂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಂದು ಉದಾಹರಣೆ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು. ಖಾಸಗಿ ಬಸ್ಸಿಗೆ 30 ರೂಪಾಯಿ, 5 ನಿಮಿಷ ಕಾಯಬೇಕು, 35 ನಿಮಿಷ ಪ್ರಯಾಣ. ಸರ್ಕಾರಿ ಬಸ್ಸಿಗೆ ಮಹಿಳೆಗೆ ಸೊನ್ನೆ ರೂಪಾಯಿ, 20 ನಿಮಿಷ ಕಾಯಬೇಕು, 40 ನಿಮಿಷ ಪ್ರಯಾಣ. ಕಾಯುವುದನ್ನು ಎರಡರಿಂದ ಗುಣಿಸಿದರೆ ಖಾಸಗಿ ಬಸ್ಸಿಗೆ 45 ನಿಮಿಷ, ಸರ್ಕಾರಿ ಬಸ್ಸಿಗೆ 80 ನಿಮಿಷದ ಭಾರ. ಒಬ್ಬ ಮಹಿಳೆಯ ಒಂದು ಗಂಟೆಗೆ 60 ರೂಪಾಯಿ ಬೆಲೆ ಕಟ್ಟಿದರೆ ಖಾಸಗಿ ಬಸ್ಸಿನ ಒಟ್ಟು ವೆಚ್ಚ 75, ಸರ್ಕಾರಿ ಬಸ್ಸಿನದು 80. ಅಂದರೆ ಉಚಿತ ಬಸ್ಸೇ ದುಬಾರಿ! ಅದೇ ಗಂಟೆಗೆ 30 ರೂಪಾಯಿ ಬೆಲೆ ಕಟ್ಟಿದರೆ ಖಾಸಗಿಯದು 52 ರೂಪಾಯಿ 50 ಪೈಸೆ, ಸರ್ಕಾರಿಯದು 40. ಈಗ ಉಚಿತ ಬಸ್ಸು ಗೆಲ್ಲುತ್ತದೆ. ಬಸ್ಸು ಬದಲಾಗಲಿಲ್ಲ, ರಸ್ತೆ ಬದಲಾಗಲಿಲ್ಲ. ಬದಲಾಗಿದ್ದು ಅವಳ ಸಮಯಕ್ಕೆ ಕಟ್ಟಿದ ಬೆಲೆ ಮಾತ್ರ.

ಈ ಬೆಲೆಯನ್ನು ಯಾರು ಕಟ್ಟುತ್ತಾರೆ? ಸಾಮಾನ್ಯವಾಗಿ ಆದಾಯದ ಒಂದು ಪಾಲನ್ನು ಸಮಯದ ಬೆಲೆಯಾಗಿ ತೆಗೆದುಕೊಳ್ಳುವ ಪದ್ಧತಿ ಇದೆ. ಹಾಗಾದರೆ ಸಂಬಳವಿಲ್ಲದವರ ಸಮಯ? ನಮ್ಮ ಅಮ್ಮಿ ಮನೆಯಲ್ಲೇ ಬ್ಲೌಸು, ಬುರ್ಖಾ ಹೊಲಿಯುತ್ತಾರೆ. ಹಬ್ಬದ ತಿಂಗಳು ಕೈತುಂಬ ಕೆಲಸ, ಉಳಿದ ತಿಂಗಳು ಕಡಿಮೆ. ಅವರ ಆದಾಯ ಯಾವ ಪಟ್ಟಿಯಲ್ಲೂ ಇಲ್ಲ. ಅವರ 20 ನಿಮಿಷ ಉಳಿಸಿದರೆ ದೇಶಕ್ಕೆ ಎಷ್ಟು ಲಾಭ ಎಂದು ಲೆಕ್ಕ ಹಾಕಿದರೆ ಬಹಳ ಸಣ್ಣ ಅಂಕಿ ಬರಬಹುದು. ಆದರೆ ಆ 20 ನಿಮಿಷದಲ್ಲಿ ಅವರು ಒಂದು ಬ್ಲೌಸಿಗೆ ಹುಕ್ಸು ಹಾಕಿ ಮುಗಿಸುತ್ತಾರೆ, ದಾದಿಗೆ ಮಾತ್ರೆ ಕೊಡುತ್ತಾರೆ, ಅನ್ನಕ್ಕೆ ಇಡುತ್ತಾರೆ.

ಇನ್ನು ಲೆಕ್ಕದ ಮುಂದಿನ ಭಾಗ. ಒಟ್ಟು ವೆಚ್ಚ ಕಡಿಮೆ ಇರುವ ವಾಹನಕ್ಕೆ ಎಲ್ಲರೂ ಹೋಗಿಬಿಡುತ್ತಾರೆ ಎಂದು ಮೆಕ್‌ಫ್ಯಾಡನ್ ಹೇಳುವುದಿಲ್ಲ. ಎರಡರ ವೆಚ್ಚ ಸಮವಾಗಿದ್ದರೆ, ಉಳಿದ ಗುಣಗಳೂ ಸಮವಾಗಿದ್ದರೆ, ಅರ್ಧ ಜನ ಇದಕ್ಕೆ, ಅರ್ಧ ಜನ ಅದಕ್ಕೆ. ವ್ಯತ್ಯಾಸ ಹೆಚ್ಚಿದಂತೆ ಜನ ಒಂದು ಕಡೆ ವಾಲುತ್ತಾರೆ. ಆದರೆ ಇನ್ನೊಂದು ಕಡೆ ಪೂರ್ತಿ ಖಾಲಿಯಾಗುವುದಿಲ್ಲ, ಏಕೆಂದರೆ ಪ್ರತಿಯೊಬ್ಬರ ಮನಸ್ಸಿನಲ್ಲೂ ಲೆಕ್ಕಕ್ಕೆ ಸಿಗದ ಒಂದಿಷ್ಟು ಕಾರಣಗಳಿರುತ್ತವೆ. ಈ ಲೆಕ್ಕಕ್ಕೆ ಲಾಜಿಟ್ ಮಾದರಿ ಎಂದು ಹೆಸರು. ಅಳೆಯಲಾಗದೆ ಉಳಿದ ಆದರೆ ಎಲ್ಲರಲ್ಲೂ ಒಂದೇ ಕಡೆಗೆ ಎಳೆಯುವ ಕಾರಣಗಳನ್ನು, ಅಂದರೆ ಆರಾಮ, ಅಭ್ಯಾಸ, ಭಯ ಇಂಥವನ್ನು, ಪ್ರತಿಯೊಂದು ವಾಹನಕ್ಕೂ ಒಂದೊಂದು ಸ್ಥಿರಾಂಕವಾಗಿ ಸೇರಿಸುತ್ತಾರೆ. ಸ್ಥಿರಾಂಕ ಎಂಬ ಈ ಪದವನ್ನು ನೆನಪಿಡಿ.

ಈ ಮಾದರಿಗೆ ಒಂದು ಪ್ರಸಿದ್ಧ ತೊಡಕು ಇದೆ. ಅದಕ್ಕೆ ಕೆಂಪು ಬಸ್ಸು, ನೀಲಿ ಬಸ್ಸಿನ ಸಮಸ್ಯೆ ಎನ್ನುತ್ತಾರೆ. ಒಂದು ಊರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ ಎಂದುಕೊಳ್ಳಿ. ಈಗ ಅದೇ ದರದ, ಅದೇ ವೇಗದ ಇನ್ನೊಂದು ಬಸ್ಸು ಬಂತು. ಬಣ್ಣ ಮಾತ್ರ ನೀಲಿ. ಸರಳ ಮಾದರಿಯನ್ನು ಕೇಳಿದರೆ ಅದು ಮೂವರಿಗೂ ಮೂರನೇ ಒಂದು ಪಾಲು ಹಂಚುತ್ತದೆ. ಅಂದರೆ ಬಸ್ಸಿಗೆ ನೀಲಿ ಬಣ್ಣ ಬಳಿದದ್ದಕ್ಕೇ ಕಾರಿನವರು 50ರಿಂದ 33ಕ್ಕೆ ಇಳಿದುಬಿಟ್ಟರು! ನಿಜದಲ್ಲಿ ಕಾರಿನವರು ಕಾರಿನಲ್ಲೇ ಇರುತ್ತಾರೆ. ಬಸ್ಸಿನವರು ಮಾತ್ರ ಕೆಂಪು 25, ನೀಲಿ 25 ಎಂದು ಹಂಚಿಹೋಗುತ್ತಾರೆ. ಆದ್ದರಿಂದ ಒಂದೇ ರೀತಿಯ ಆಯ್ಕೆಗಳನ್ನು ಒಂದು ಗುಂಪು ಮಾಡಿ, ಮೊದಲು ಕಾರೋ ಬಸ್ಸೋ ಎಂದು, ಆಮೇಲೆ ಯಾವ ಬಸ್ಸು ಎಂದು ಎರಡು ಮೆಟ್ಟಿಲಿನಲ್ಲಿ ಲೆಕ್ಕ ಮಾಡುವ ವಿಧಾನ ಬಂತು.

ನಾನು ಇದನ್ನು ರಾತ್ರಿ ಊಟದ ಹೊತ್ತಿಗೆ ಅಮ್ಮಿಗೆ ಹೇಳಿದೆ. ಅವರು ರೊಟ್ಟಿ ಬೇಯಿಸುತ್ತಲೇ ಕೇಳಿ, "ಇಸ್ಮೇ ಸೋಚನಾ ಕ್ಯಾ? ಜೋ ಪೆಹಲೇ ಆತಾ ಉಸ್ಮೇ ಚಡ್ನಾ" ಎಂದರು. ಇದರಲ್ಲಿ ಯೋಚಿಸುವುದೇನಿದೆ, ಯಾವುದು ಮೊದಲು ಬರುತ್ತದೋ ಅದಕ್ಕೆ ಹತ್ತಬೇಕು, ಅಷ್ಟೆ. ಅದು ಸರಿಯಾದ ಉತ್ತರ. ಬಣ್ಣ ಬೇರೆಯಾದರೂ ಬಸ್ಸು ಒಂದೇ ಎಂಬುದನ್ನು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು. ಆದರೆ ಹಾಗೆ ಹೇಳಿ ಅರ್ಧ ನಿಮಿಷ ಬಿಟ್ಟು ಮತ್ತೆ ಹೇಳಿದರು: "ಅದು ಮೊದಲಿನ ಮಾತು. ಈಗ ನಾವು ಕೆಂಪು ಬಸ್ಸಿಗೇ ಕಾಯ್ತೀವಲ್ಲ."

ಅವರು ಹೇಳಿದ್ದು ಶಕ್ತಿ ಯೋಜನೆಯನ್ನು. 2023ರ ಜೂನ್ 11ರಂದು ಅದು ಶುರುವಾಯಿತು. ಕರ್ನಾಟಕದ ಮಹಿಳೆಯರು ಗುರುತಿನ ಚೀಟಿ ತೋರಿಸಿ ರಾಜ್ಯದ ಒಳಗೆ ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಿಸಬಹುದು. ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಹಣವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡುತ್ತದೆ. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಖಾಸಗಿ ಬಸ್ಸುಗಳಿಗೂ ಇಲ್ಲ. ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ ಖಾಸಗಿ ಬಸ್ಸುಗಳಿಗೆ ದೊಡ್ಡ ಪಾಲಿದೆ. ಹಾಗಾಗಿ ನಮ್ಮ ಕಡೆ ಈ ವ್ಯತ್ಯಾಸ ದಿನಾಲೂ ಕಣ್ಣಿಗೆ ಬೀಳುತ್ತದೆ.

ಜೂನ್ 11ಕ್ಕೆ ಮೊದಲು ನಮ್ಮ ಮನೆಗೆ ಕೆಂಪು ಬಸ್ಸು, ನೀಲಿ ಬಸ್ಸು ಒಂದೇ ಬಸ್ಸಾಗಿತ್ತು. ಆ ದಿನದಿಂದ ಅಮ್ಮಿಗೆ, ಅಪಾಗೆ, ನನಗೆ ಅವು ಎರಡು ಬೇರೆ ಬೇರೆ ವಾಹನಗಳಾದವು. ಅಬ್ಬುಗೆ ಮಾತ್ರ ಇವತ್ತಿಗೂ ಒಂದೇ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇಕಡಾ 15ರಷ್ಟು ಹೆಚ್ಚಾದಾಗ ಅದರ ಬಿಸಿ ತಟ್ಟಿದ್ದು ನಮ್ಮ ಮನೆಯಲ್ಲಿ ಅಬ್ಬುಗೆ ಮಾತ್ರ. ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ ಅವರು ಲೆಕ್ಕ ಬರೆಯುತ್ತಾರೆ. ಬೆಳಿಗ್ಗೆ ಒಟ್ಟಿಗೆ ನಿಲ್ದಾಣಕ್ಕೆ ಬಂದರೂ ಕೆಲವು ದಿನ ಅವರು ಮೊದಲು ಬಂದ ಬಸ್ಸಿಗೆ ಹತ್ತಿ ಹೋಗುತ್ತಾರೆ, ನಾನು ಹಿಂದೆ ಉಳಿಯುತ್ತೇನೆ. ತಂದೆ, ಮಗಳು ಒಂದೇ ಮನೆ, ಒಂದೇ ನಿಲ್ದಾಣ, ಒಂದೇ ಊರಿಗೆ ಹೊರಟವರು. ಆದರೆ ಇಬ್ಬರ ಮುಂದಿರುವ ಆಯ್ಕೆಗಳ ಪಟ್ಟಿ ಬೇರೆ.

ಭಾಯಿಯ ಲೆಕ್ಕ ಇನ್ನೊಂದು. ಅವನು ಮಾಚೇನಹಳ್ಳಿಯ ಕಡೆ ಕೆಲಸಕ್ಕೆ ಹೋಗುತ್ತಾನೆ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವನು ಹೋದ ವರ್ಷ ಸೆಕೆಂಡ್ ಹ್ಯಾಂಡ್ ಬೈಕು ತೆಗೆದುಕೊಂಡ. ಕಂತು ತಿಂಗಳಿಗೊಮ್ಮೆ ಹೋಗುತ್ತದೆ. ಆದರೆ "ಬಸ್ಸಿಗಿಂತ ಬೈಕೇ ಅಗ್ಗ" ಎಂದು ಅವನು ಹೇಳುವಾಗ ಪೆಟ್ರೋಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾನೆ. ಕಂತು, ವಿಮೆ, ಟಯರು ಯಾವುದೂ ಅವನ ಲೆಕ್ಕದಲ್ಲಿಲ್ಲ. ನಾನು ಅಕೌಂಟೆನ್ಸಿ ಓದುವವಳು, ಸವಕಳಿಯನ್ನೂ ಸೇರಿಸು ಎಂದೆ. ಅವನು ನಕ್ಕುಬಿಟ್ಟ. ಆದರೆ ಯೋಜನಾಕಾರರೂ ಇದನ್ನು ಬಲ್ಲರು. ಬೈಕು ಕೊಳ್ಳುವುದು ಒಂದು ತೀರ್ಮಾನ, ದಿನಾ ಅದನ್ನು ಹತ್ತುವುದು ಇನ್ನೊಂದು ತೀರ್ಮಾನ. ಬೈಕು ಒಮ್ಮೆ ಮನೆ ಮುಂದೆ ನಿಂತಿತೆಂದರೆ ಆಮೇಲೆ ಬಸ್ಸು ಗೆಲ್ಲುವುದು ಕಷ್ಟ. ಹಾಗಾಗಿ ಹುಡುಗರು ಬೈಕು ಕೊಳ್ಳುವ ಮೊದಲೇ ಬಸ್ಸು ಚೆನ್ನಾಗಿರಬೇಕು.

ಇಷ್ಟರವರೆಗೆ ಮೂರನೆಯ ಹಂತ, ಅಂದರೆ ಯಾವ ವಾಹನ ಎಂಬ ಪ್ರಶ್ನೆ. ಈಗ ಮೊದಲ ಹಂತಕ್ಕೆ ಬರುತ್ತೇನೆ.

ಶಕ್ತಿ ಯೋಜನೆ ಬಂದ ಮೇಲೆ ಅಮ್ಮಿ ತಿಂಗಳಿಗೆ ಒಂದೆರಡು ಸಲ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗುತ್ತಾರೆ. ಲೈನಿಂಗ್ ಬಟ್ಟೆ, ದಾರ, ಲೇಸು, ಬಟನ್ನು ತಾವೇ ನೋಡಿ ಆರಿಸಿ ತರುತ್ತಾರೆ. ಮೊದಲು ಅಬ್ಬು ರಾತ್ರಿ ಬರುವಾಗ ತರುತ್ತಿದ್ದರು. ಬಣ್ಣ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಗಿರಾಕಿ ಒಪ್ಪುತ್ತಿರಲಿಲ್ಲ. ಈಗ ಯಾರಾದರೂ ನಿಲ್ದಾಣದಲ್ಲಿ ನಿಂತು ಎಣಿಸಿದರೆ ಅಮ್ಮಿಯನ್ನು ಸರ್ಕಾರಿ ಬಸ್ಸಿಗೆ ಹೊಸದಾಗಿ ಬಂದ ಪ್ರಯಾಣಿಕರಲ್ಲಿ ಒಬ್ಬರು ಎಂದು ಬರೆದುಕೊಳ್ಳುತ್ತಾರೆ. ಹೊಸಬರು ಎಲ್ಲಿಂದ ಬಂದರು? ಖಾಸಗಿ ಬಸ್ಸಿನಿಂದಲೇ, ರೈಲಿನಿಂದಲೇ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅವರು ಬಂದದ್ದು ಮನೆಯಿಂದ. ಅದಕ್ಕೆ ಮೊದಲು ಆ ಪ್ರಯಾಣವೇ ಇರಲಿಲ್ಲ. "ಹೆಂಗಸರು ಸುಮ್ಮನೆ ತಿರುಗಾಡ್ತಾರೆ" ಎಂದು ಬಸ್ಸಿನಲ್ಲಿ ಕೆಲವರು ಗೊಣಗುವುದನ್ನು ನಾನು ಕೇಳಿದ್ದೇನೆ. ಅವರ ಪಕ್ಕದಲ್ಲಿ ನಿಂತ ಹೆಂಗಸಿನ ಚೀಲದಲ್ಲಿ ನಾಳೆ ಹೊಲಿಯಬೇಕಾದ ಬಟ್ಟೆ ಇರಬಹುದು.

ಅಪಾಳ ಕಥೆ ಇದಕ್ಕಿಂತ ಕಷ್ಟದ್ದು. ಅವಳು ಪಿಯುಸಿ ಮುಗಿಸಿದ್ದು 2022ರಲ್ಲಿ, ಶಕ್ತಿ ಯೋಜನೆಗೆ ಒಂದು ವರ್ಷ ಮೊದಲು. ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡುವ ಆಸೆ. ಸೀಟು ಸಿಕ್ಕಿದ್ದು ಶಿವಮೊಗ್ಗದಲ್ಲಿ. ಮನೆಯಲ್ಲಿ ಎಲ್ಲರೂ ಕುಳಿತು ಲೆಕ್ಕ ಹಾಕಿದರು. ದಿನಕ್ಕೆ ಹೋಗಿ ಬರುವ ಖರ್ಚು, ತಿಂಗಳಿಗೆ ಎಷ್ಟು, ಮೂರು ವರ್ಷಕ್ಕೆ ಎಷ್ಟು. ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬೇಕು, ಸಂಜೆ ಎಷ್ಟಕ್ಕೆ ಬರುತ್ತಾಳೆ. ಯಾರೂ ಬೇಡ ಎನ್ನಲಿಲ್ಲ. ಅಬ್ಬು "ಮುಂದಿನ ವರ್ಷ ನೋಡೋಣ" ಎಂದರು. ಮುಂದಿನ ವರ್ಷ ಬಸ್ಸು ಉಚಿತವಾಯಿತು, ಆದರೆ ಅಷ್ಟರಲ್ಲಿ ಸೀಟು ಇರಲಿಲ್ಲ. ಈಗ ಅವಳು ಮನೆಯಿಂದಲೇ ಮುಕ್ತ ವಿಶ್ವವಿದ್ಯಾಲಯದ ಮೂಲಕ ಬಿ.ಎ. ಓದುತ್ತಾ ಅಮ್ಮಿಯ ಜೊತೆ ಹೊಲಿಯುತ್ತಾಳೆ.

ಅಪಾ ಬಸ್ಸನ್ನೂ ಆರಿಸಲಿಲ್ಲ, ರೈಲನ್ನೂ ಆರಿಸಲಿಲ್ಲ. ಆದ್ದರಿಂದ ಅವಳು ಲೆಕ್ಕದ ಮೂರನೆಯ ಹಂತಕ್ಕೆ ಬರುವುದೇ ಇಲ್ಲ. ಮೊದಲ ಹಂತದಲ್ಲಿ ಪ್ರಯಾಣಗಳನ್ನು ಎಣಿಸುವಾಗ ಈಗ ನಡೆಯುತ್ತಿರುವ ಪ್ರಯಾಣಗಳನ್ನು ಎಣಿಸುತ್ತಾರೆ. ನಡೆಯದ ಪ್ರಯಾಣವನ್ನು ಎಣಿಸುವುದು ಹೇಗೆ? ನಮ್ಮ 2011ರ ಜನಗಣತಿಯಲ್ಲಿ ಕೆಲಸದ ಸ್ಥಳ ಎಷ್ಟು ದೂರ, ಹೇಗೆ ಹೋಗುತ್ತೀರಿ ಎಂಬ ಮಾಹಿತಿ ತೆಗೆದುಕೊಂಡರು. ಬಹಳ ಉಪಯುಕ್ತವಾದ ಮಾಹಿತಿ ಅದು. ಆದರೆ ಪ್ರಕಟವಾದ ಕೋಷ್ಟಕ ಇತರ ಕೆಲಸಗಾರರು ಎಂಬ ವರ್ಗಕ್ಕೆ ಸೇರಿದ್ದು. ಬೇಸಾಯದವರು, ಕೃಷಿ ಕೂಲಿಯವರು, ಮನೆಯಲ್ಲೇ ಗೃಹ ಕೈಗಾರಿಕೆ ನಡೆಸುವವರು ಆ ವರ್ಗದ ಹೊರಗೆ. ಕಾಲೇಜಿಗೆ ಹೋಗುವವರೂ, ಹೋಗಲಾಗದೆ ಉಳಿದವರೂ ಅದರಲ್ಲಿಲ್ಲ.

ಯೋಜನಾಕಾರರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರಲ್ಲೇ ಎಷ್ಟೋ ಜನ ಇಂಥ ಅದುಮಿಟ್ಟ ಬೇಡಿಕೆಯ ಬಗ್ಗೆ ಬರೆದಿದ್ದಾರೆ. ಹೊಸ ರಸ್ತೆ ಬಂದರೆ ಹೊಸ ವಾಹನಗಳು ಬರುತ್ತವೆ ಎಂದು ಅವರಿಗೆ ಗೊತ್ತು. ಆದರೆ ರಸ್ತೆಗೆ ಬರುವ ಹೊಸ ಕಾರು ಎಲ್ಲರಿಗೂ ಕಾಣುತ್ತದೆ, ಹಾರ್ನ್ ಹಾಕುತ್ತದೆ. ಮನೆಯಲ್ಲಿ ಉಳಿದ ಹುಡುಗಿ ಯಾವ ಸದ್ದೂ ಮಾಡುವುದಿಲ್ಲ. ಮೆಕ್‌ಫ್ಯಾಡನ್ ಅವರ ಲೆಕ್ಕ ಅಷ್ಟು ಸರಿಯಾಗಿ ಬಂದದ್ದು ಅವರು ಆಗಲೇ ದಿನಾಲೂ ಕೆಲಸಕ್ಕೆ ಹೋಗುತ್ತಿದ್ದವರ ಬಗ್ಗೆ ಕೇಳಿದ್ದಕ್ಕೆ. ಅಲ್ಲಿ ಹೋಗುವುದು ಖಚಿತ, ಹೇಗೆ ಎಂಬುದಷ್ಟೇ ಪ್ರಶ್ನೆ. ನಮ್ಮ ಮನೆಗಳಲ್ಲಿ, ಅದರಲ್ಲೂ ಹುಡುಗಿಯರ ವಿಷಯದಲ್ಲಿ, ಹೋಗುವುದೋ ಬೇಡವೋ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಬಸ್ಸಿನ ಮೇಲೆ ನಿಂತಿದೆ.

ಇನ್ನು ಆ ಸ್ಥಿರಾಂಕದ ವಿಷಯ. ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಮಗ್ರಿಬ್ ಅಜಾನ್ ಆಗುವ ಹೊತ್ತಿಗೆ ಹುಡುಗಿಯರು ಮನೆಯಲ್ಲಿರಬೇಕು. ದಾದಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಮಗ್ರಿಬ್ ಎಂದರೆ ಸೂರ್ಯಾಸ್ತ. ಮೇ, ಜೂನಿನಲ್ಲಿ ಅದು ಸಂಜೆ 7ಕ್ಕೆ ಹತ್ತಿರ, ಡಿಸೆಂಬರಿನಲ್ಲಿ 6 ದಾಟುತ್ತಲೇ ಆಗಿಬಿಡುತ್ತದೆ. ಅಂದರೆ ಜೂನಿನಲ್ಲಿ ನನಗೆ ಸಿಗುವ ಬಸ್ಸುಗಳಲ್ಲಿ ಕೆಲವು ಡಿಸೆಂಬರಿನಲ್ಲಿ ಸಿಗುವುದಿಲ್ಲ. ಬಸ್ಸು ಅದೇ ವೇಳೆಗೆ ಹೊರಡುತ್ತಿರುತ್ತದೆ, ನನ್ನ ಪಟ್ಟಿಯಿಂದ ಮಾತ್ರ ಅದು ಹೋಗಿರುತ್ತದೆ. ವಿಶೇಷ ತರಗತಿ ಇದ್ದ ದಿನ 20 ನಿಮಿಷ ಕಾಯುವ ಧೈರ್ಯವಾಗುವುದಿಲ್ಲ. ಉಚಿತ ಬಸ್ಸನ್ನು ಬಿಟ್ಟು ಹಣ ಕೊಟ್ಟು ಮೊದಲು ಬಂದ ಬಸ್ಸು ಹತ್ತುತ್ತೇನೆ. ನನ್ನ ಸಮಯದ ಬೆಲೆ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು.

ಇದು ನಮ್ಮ ಮನೆಯ ಕಟ್ಟುಪಾಡು, ಬಸ್ಸಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಾನೂ ಅಮ್ಮಿಯ ಹತ್ತಿರ ಒಮ್ಮೆ ಹಾಗೇ ವಾದ ಮಾಡಿದ್ದೆ. ಆದರೆ ಆಲೋಚಿಸಿ ನೋಡಿದರೆ ದಾದಿಯ ಚಿಂತೆ ಕತ್ತಲೆಯದ್ದಲ್ಲ, ಕತ್ತಲೆಯಲ್ಲಿ ಕಾಯುವುದರದ್ದು. ನಿಲ್ದಾಣದಲ್ಲಿ ದೀಪವಿದ್ದು, ಹತ್ತು ನಿಮಿಷಕ್ಕೊಂದು ಬಸ್ಸು ಖಾತ್ರಿಯಾಗಿದ್ದು, ಇಳಿದ ಜಾಗದಿಂದ ಮನೆಗೆ ಜನ ಓಡಾಡುವ ರಸ್ತೆ ಇದ್ದರೆ ದಾದಿಯ ಕುರ್ಚಿ ಬಾಗಿಲಿನಿಂದ ಸ್ವಲ್ಪ ಒಳಗೆ ಸರಿಯುತ್ತದೆ. ನನ್ನ ಹಿಂದೂ ಗೆಳತಿಯರ ಮನೆಯಲ್ಲಿ ಮಗ್ರಿಬ್ ಇಲ್ಲ, ಆದರೆ "ದೀಪ ಹಚ್ಚೋ ಹೊತ್ತಿಗೆ ಮನೆಗೆ ಬಾ" ಎಂಬ ಮಾತಿದೆ. ಗಡಿಯಾರದ ಮುಳ್ಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿದೆ. ಲೆಕ್ಕದಲ್ಲಿ ಸ್ಥಿರಾಂಕ ಎಂದು ಬರೆದರೂ ಅದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಒಂದು ಬೀದಿದೀಪ, ಒಂದು ಖಾತ್ರಿಯಾದ ಬಸ್ಸು ಅದನ್ನು ಕರಗಿಸಬಲ್ಲದು.

ಇದೆಲ್ಲ ಈ ವರ್ಷ ನನಗೆ ಬರೀ ಓದಿನ ವಿಷಯವಾಗಿ ಉಳಿದಿಲ್ಲ. ಪಿಯುಸಿ ಆದ ಮೇಲೆ ಬಿ.ಕಾಂ. ಜೊತೆಗೆ ಸಿ.ಎ. ಫೌಂಡೇಶನ್ ಪರೀಕ್ಷೆ ಕಟ್ಟಬೇಕೆಂಬುದು ನನ್ನ ಆಸೆ. ಅದಕ್ಕೆ ಶಿವಮೊಗ್ಗದಲ್ಲಿ ನನಗೆ ಗೊತ್ತಿರುವ ಕೋಚಿಂಗ್ ಸಂಜೆ 5ರಿಂದ 7. ಬಿ.ಕಾಂ. ಭದ್ರಾವತಿಯಲ್ಲೂ ಆಗುತ್ತದೆ, ಸಂಜೆಯ ಆ ಎರಡು ಗಂಟೆ ಮಾತ್ರ ಭದ್ರಾವತಿಗೆ ಬರುವುದಿಲ್ಲ. ನಾನು ಒಂದು ಹಾಳೆಯಲ್ಲಿ ಅಂಕಣ ಹಾಕಿ ಎಲ್ಲವನ್ನೂ ಬರೆದೆ: ಫೀಸು, ಪುಸ್ತಕ, ಪ್ರಯಾಣ. ಪ್ರಯಾಣದ ಅಂಕಣದಲ್ಲಿ ಸೊನ್ನೆ ಎಂದು ಬರೆಯಲು ನನಗೆ ಖುಷಿಯೂ ಆಯಿತು. 2022ರಲ್ಲಿ ಅಪಾಳ ಹಾಳೆಯಲ್ಲಿ ಅಲ್ಲಿ ದೊಡ್ಡ ಅಂಕಿ ಇತ್ತು. ಅಬ್ಬು ಕನ್ನಡಕ ಹಾಕಿಕೊಂಡು, ಅಂಗಡಿಯ ಲೆಕ್ಕ ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದರು. ಒಂದೇ ಪ್ರಶ್ನೆ ಕೇಳಿದರು: "ಏಳು ಗಂಟೆ ಮೇಲೆ ಬಸ್ಸು ಎಷ್ಟೆಷ್ಟು ಹೊತ್ತಿಗೆ ಇದೆ, ಬೇಟಾ?"

ನೊಬೆಲ್ ಬಂದ ಲೆಕ್ಕವೂ ಅಬ್ಬು ಅವರ ಪ್ರಶ್ನೆಯೂ ಒಂದೇ ಜಾಗಕ್ಕೆ ಬಂದು ನಿಂತವು. ಬಸ್ಸು ಎಷ್ಟು ಅಗ್ಗ ಎಂಬುದಷ್ಟೇ ಸಾಲದು, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಗೊತ್ತಾಗಬೇಕು. ನಾನೀಗ ಎರಡು ವಾರದಿಂದ ಆ ಹೊತ್ತಿನ ಬಸ್ಸುಗಳ ಸಮಯ ಗುರುತು ಮಾಡುತ್ತಿದ್ದೇನೆ. ನಾನೇ ನಿಂತು ನೋಡಲು ಆಗುವುದಿಲ್ಲವಲ್ಲ, ಆದ್ದರಿಂದ ಅಂಗಡಿ ಮುಚ್ಚಿ ಬರುವ ಅಬ್ಬು ಅವರೇ ನಿಲ್ದಾಣದಲ್ಲಿ ಕೇಳಿ, ಚೀಟಿಯಲ್ಲಿ ಬರೆದು ತರುತ್ತಾರೆ. ಅಪಾ ಅದನ್ನು ವಹಿಯಲ್ಲಿ ಏರಿಸುತ್ತಾಳೆ. ತೀರ್ಮಾನ ಇನ್ನೂ ಆಗಿಲ್ಲ. ಆದರೆ ಮನೆಯಲ್ಲಿ ಮೂವರು ಒಟ್ಟಿಗೆ ಕುಳಿತು ಹುಡುಕುತ್ತಿದ್ದೇವೆ, ಅಷ್ಟು ನನಗೆ ಧೈರ್ಯ ಕೊಟ್ಟಿದೆ.

ಕೊನೆಗೆ ನಮ್ಮ ಕಾಲೇಜಿನ ಅಧ್ಯಾಪಕರಲ್ಲಿ, ಸ್ನೇಹಿತರಲ್ಲಿ ಎರಡು ವಿನಂತಿ. ನಮ್ಮ ತರಗತಿಗಳಿಗೆ ಭದ್ರಾವತಿ, ನಿದಿಗೆ, ಇನ್ನೂ ದೂರದ ಹಳ್ಳಿಗಳಿಂದ ಬರುವವರಿದ್ದಾರೆ. ನವೆಂಬರಿನಿಂದ ಜನವರಿವರೆಗೆ ವಿಶೇಷ ತರಗತಿಗಳನ್ನು ಸಂಜೆಯ ಬದಲು ಬೆಳಿಗ್ಗೆ ಇಟ್ಟರೆ ಅವರಲ್ಲಿ ಹಲವರು ಪೂರ್ತಿ ಕುಳಿತು ಕೇಳಬಹುದು. ಎರಡನೆಯದು, ಪಿಯುಸಿ ಮುಗಿಸಿ ವರ್ಗಾವಣೆ ಪತ್ರ ತೆಗೆದುಕೊಳ್ಳಲು ಬರುವವರಿಗೆ ಆಫೀಸಿನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿ: ಮುಂದೆ ಓದುತ್ತೀರಾ, ಇಲ್ಲವೆಂದರೆ ಪ್ರಯಾಣವೂ ಒಂದು ಕಾರಣವೇ? ಐದು ವರ್ಷ ಹೀಗೆ ಬರೆದಿಟ್ಟರೆ ಬಸ್ ಮಾರ್ಗ ಕೇಳಿ ಅರ್ಜಿ ಕೊಡುವಾಗ ನಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಬಸ್ಸು ಹತ್ತಿದವರನ್ನು ಕಂಡಕ್ಟರ್ ಎಣಿಸುತ್ತಾರೆ. ಹತ್ತಲಾಗದವರನ್ನು ಎಣಿಸುವ ಕೆಲಸವನ್ನು ಅವರ ಜೊತೆ ಓದಿದ ನಾವು ಮಾಡಬಹುದು.